ನಾನು ಇರುವೆ ಅಂದರೆ ತಮ್ಮ ಅಡವಿಯ ಹೂವು ಅನ್ನುತ್ತಾನೆ. ಸತ್ಯವೇದ (ಬೈಬಲ್) ಯಾರ ಕಡೆ?

ಕೆಜಿಎಫ್_ಅಕ್ಕ
ಎಲ್ಲರಿಗೂ ವಂದನೆ. ಮನೆ ವಿಷಯ ಹೀಗೆ ನಾಲ್ಕು ಜನರ ಮುಂದೆ ಇಡಬಾರದು, ಗೊತ್ತು. ಆದರೂ ಕೇಳುತ್ತಿದ್ದೇನೆ.

ನನ್ನ ತಮ್ಮ ಬಿಕಾಂ ಮಾಡಿದ್ದಾನೆ. ಒಂದು ಗೋಡೌನ್‌ನಲ್ಲಿ ಕೆಲಸಕ್ಕೆ ಹೋಗುತ್ತಿದ್ದ, ಬಿಟ್ಟುಬಿಟ್ಟ. ಈಗ ಮನೆಯಲ್ಲೇ ಇದ್ದಾನೆ. ಕುಡಿಯುವುದಿಲ್ಲ, ಕೆಟ್ಟ ಸಹವಾಸ ಇಲ್ಲ. ಚರ್ಚ್ ಸಭೆಯಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಉಪವಾಸ ಪ್ರಾರ್ಥನೆ ಒಂದೂ ತಪ್ಪಿಸುವುದಿಲ್ಲ. ಕೆಲಸ ಹುಡುಕು ಎಂದರೆ ಮಾತ್ರ "ದೇವರ ಸಮಯ ಬರಲಿ ಅಕ್ಕ" ಅನ್ನುತ್ತಾನೆ. ಅಮ್ಮ ಬ್ಲೌಸ್ ಹೊಲಿದು, ಸೀರೆಗೆ ಫಾಲ್ಸ್ ಹಾಕಿ ಮನೆ ನಡೆಸುತ್ತಿದ್ದಾರೆ. ಹಬ್ಬದ ಸಮಯದಲ್ಲಿ ರಾತ್ರಿ ಹನ್ನೊಂದಾದರೂ ಹೊಲಿಗೆ ಮಿಷನ್ ಸದ್ದು ನಿಲ್ಲುವುದಿಲ್ಲ. ಇವನು ಪಕ್ಕದ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಆರಾಧನೆ ಹಾಡು ಕಲಿಯುತ್ತಿರುತ್ತಾನೆ.

ಹೋದ ಭಾನುವಾರ ಊಟಕ್ಕೆ ಕೂತಾಗ ಜ್ಞಾನೋಕ್ತಿ 6:6 ಹೇಳಿದೆ. ಸೋಮಾರಿಯೇ, ಇರುವೆಯ ಹತ್ತಿರ ಹೋಗಿ ಕಲಿ ಅಂತ. ಅವನು ತಟ್ಟನೆ ಮತ್ತಾಯ 6 ತೆಗೆದ. ಅಡವಿಯ ಹೂವು ದುಡಿಯುವುದಿಲ್ಲ, ನೂಲುವುದಿಲ್ಲ, ಆದರೂ ರಾಜ ಸೊಲೊಮೋನನಿಗಿಂತ ಚೆನ್ನಾಗಿದೆ ಅಲ್ವಾ ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಎರಡೂ ಒಂದೇ ಪುಸ್ತಕದಲ್ಲಿವೆ. ತಿಳಿದವರು ಹೇಳಿ.

ಸೀರಿಯಸ್_ಅಲ್ಲ
ಹೂವಿಗೆ ಮೂರು ಹೊತ್ತು ಊಟ ಬೇಡ, ಡೇಟಾ ಪ್ಯಾಕೂ ಬೇಡ ಅಂತ ಹೇಳಿ ಅಕ್ಕ.

ಹಾಸನ_ಅಂಕಲ್
ಇದಕ್ಕೆ ಇಷ್ಟು ಯೋಚನೆ ಯಾಕಮ್ಮ? ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರ, 3:10. ಕೆಲಸ ಮಾಡದವನು ಊಟ ಮಾಡಬಾರದು. ಪತ್ರ ಬರೆದ ಅಪೊಸ್ತಲ ಪೌಲ ಸುತ್ತಿ ಬಳಸಿ ಹೇಳಿಲ್ಲ. ಒಂದು ವಾರ ಅನ್ನ ಬಡಿಸುವುದನ್ನು ನಿಲ್ಲಿಸಿ. ದೇವರ ಸಮಯ ತಾನಾಗಿಯೇ ಬರುತ್ತದೆ. ನಮ್ಮ ಕಾಲದಲ್ಲಿ ಬಿಕಾಂ ಆದವನು ಲಾರಿಗೆ ಲೋಡ್ ಕೂಡ ಹಾಕುತ್ತಿದ್ದ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನೂ ಸಾಲದು.

ಬಿಟಿಎಚ್_ಓದುತ್ತಿದ್ದೇನೆ
ಅಂಕಲ್, ಆ ವಚನವನ್ನು ಅರ್ಧಕ್ಕೆ ಕತ್ತರಿಸಬೇಡಿ. ಪೌಲ ಮಾತಾಡಿದ್ದು ಕೆಲಸ ಮಾಡಲು ಮನಸ್ಸೇ ಇಲ್ಲದವನ ಬಗ್ಗೆ. ಕೆಲಸ ಸಿಗದವನ ಬಗ್ಗೆ ಅಲ್ಲ, ಕಾಯಿಲೆ ಬಿದ್ದವನ ಬಗ್ಗೆಯೂ ಅಲ್ಲ. ಥೆಸಲೋನಿಕದ ಸಭೆಯಲ್ಲಿ ಕೆಲವರು ಕೆಲಸ ಬಿಟ್ಟು ಕಂಡವರ ವಿಷಯದಲ್ಲಿ ತಲೆ ಹಾಕುತ್ತಾ ತಿರುಗುತ್ತಿದ್ದರು. ಅದೇ ಪತ್ರದ 2ನೇ ಅಧ್ಯಾಯದಲ್ಲಿ ಕರ್ತನ ದಿನ, ಅಂದರೆ ಯೇಸು ಮತ್ತೆ ಬರುವ ದಿನ, ಆಗಲೇ ಬಂದುಬಿಟ್ಟಿದೆ ಎಂಬ ಗುಲ್ಲಿನ ಮಾತಿದೆ. ಲೋಕವೇ ಮುಗಿಯುತ್ತದೆ ಎಂದ ಮೇಲೆ ದುಡಿಯುವುದು ಯಾಕೆ ಎಂದು ಕೂತಿರಬೇಕು ಅಂತ ಎರಡನ್ನೂ ಸೇರಿಸಿ ಓದುವವರು ತುಂಬ ಇದ್ದಾರೆ.

ಪೌಲನಿಗೆ ಹಾಗೆ ಹೇಳುವ ಹಕ್ಕೂ ಇತ್ತು. ಅವನದು ಗುಡಾರ ಮಾಡುವ ಕಸುಬು. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಕೂತು ಅದೇ ಕೆಲಸ ಮಾಡಿದ (ಅಪೊಸ್ತಲರ ಕೃತ್ಯಗಳು 18:3). ಒಂದು ಕಡೆ ಉಪದೇಶ, ಇನ್ನೊಂದು ಕಡೆ ಸೂಜಿ ದಾರ. ಅಕ್ಕ, ನಿಮ್ಮ ಅಮ್ಮನದು ಹೆಚ್ಚುಕಡಿಮೆ ಪೌಲನ ಕಸುಬೇ!

ಇನ್ನು ಹೂವಿನ ಮಾತು. ಆ ಭಾಗ ಪೂರ್ತಿ ಓದಿದರೆ ಯೇಸು ಬಿಡಿ ಎಂದಿದ್ದು ಚಿಂತೆಯನ್ನು. ಕೆಲಸವನ್ನು ಬಿಡಿ ಅಂತ ಎಲ್ಲೂ ಇಲ್ಲ. ಕೇಳುತ್ತಿದ್ದವರು ಗಲಿಲಾಯದ ಬಡವರು, ನಾಳೆ ಏನು ಉಡುವುದು, ಏನು ತಿನ್ನುವುದು ಎಂದು ನಿದ್ದೆಗೆಟ್ಟವರು. ಅವರಿಗೆ ಹೇಳಿದ ಸಮಾಧಾನ ಅದು. ನಿಮ್ಮ ಮನೆಯಲ್ಲಿ ಹಾಗೆ ನಿದ್ದೆಗೆಟ್ಟಿರುವುದು ಅಮ್ಮ. ಹಾಗಾಗಿ ಹೂವಿನ ವಚನ ಅಮ್ಮನಿಗೆ ಸೇರಬೇಕು, ತಮ್ಮನಿಗಲ್ಲ.

ಸೀರಿಯಸ್_ಅಲ್ಲ
ಕೊನೆಯ ಸಾಲು ಸ್ಕ್ರೀನ್‌ಶಾಟ್ ತೆಗೆದುಕೊಂಡೆ.

ರಾಗಿಹೊಲ
ಇಲ್ಲಿ ಯಾರಾದರೂ ನಿಜವಾಗಿ ಇರುವೆ ಹತ್ತಿರ ಹೋಗಿ ನೋಡಿದ್ದೀರಾ? ನಾನು ದಿನಾ ನೋಡುತ್ತೇನೆ. ರಾಗಿ ಒಕ್ಕಿದ ಮೇಲೆ ಕಣದ ಅಂಚಿನಲ್ಲಿ ಕೂತರೆ ಸಾಕು. ಗೂಡಿನ ಬಾಯಿ ಸುತ್ತ ದುಂಡಗೆ ಹೊಟ್ಟು ಬಿದ್ದಿರುತ್ತದೆ. ಕಾಳು ಒಳಗೆ, ಸಿಪ್ಪೆ ಹೊರಗೆ. ತನಗಿಂತ ದೊಡ್ಡ ಕಾಳನ್ನು ಬಾಯಲ್ಲಿ ಕಚ್ಚಿ ಹಿಂದೆ ಹಿಂದೆ ಎಳೆದುಕೊಂಡು ಹೋಗುತ್ತದೆ. ಅಕಾಲ ಮಳೆ ಬಂದು ಗೂಡಿನೊಳಗೆ ತೇವ ಆದರೆ ಬಿಸಿಲು ಬಿದ್ದ ತಕ್ಷಣ ಒಳಗಿನ ಕಾಳನ್ನೆಲ್ಲ ಹೊರಗೆ ತಂದು ಹರಡುತ್ತವೆ. ಒಣಗಿದ ಮೇಲೆ ಮತ್ತೆ ಒಳಗೆ. ನಮ್ಮ ಅಜ್ಜಿ ಆ ಕಾಳಿನ ಮೇಲೆ ಕಾಲಿಡಲು ಬಿಡುತ್ತಿರಲಿಲ್ಲ.

ಹಾಸ್ಯ ಏನೆಂದರೆ, ಯೂರೋಪಿನಲ್ಲಿ ಬಹಳ ಕಾಲ ಪಂಡಿತರು ಇರುವೆ ಕಾಳು ಕೂಡಿಡುವುದೇ ಸುಳ್ಳು ಅನ್ನುತ್ತಿದ್ದರು. ಅವರ ಚಳಿ ದೇಶದ ಇರುವೆಗಳಿಗೆ ಆ ಅಭ್ಯಾಸ ಇಲ್ಲ. 1873ರಲ್ಲಿ ಮೊಗ್ರಿಜ್ ಎಂಬ ಇಂಗ್ಲಿಷಿನವನು ದಕ್ಷಿಣ ಫ್ರಾನ್ಸ್‌ನಲ್ಲಿ ಗೂಡು ಅಗೆದು, ಒಳಗಿನ ಕಾಳಿನ ಉಗ್ರಾಣ ನೋಡಿ ಪುಸ್ತಕ ಬರೆದ ಮೇಲೆ ಒಪ್ಪಿದರು. ಇಸ್ರೇಲಿನ ಹೊಲಗಳಲ್ಲಿ ಕಾಳು ಕೂಡಿಡುವ ಜಾತಿ ಈಗಲೂ ಇದೆ. ಜ್ಞಾನೋಕ್ತಿ ಬರೆದವನು ಹೊಲದಲ್ಲಿ ಕೂತು ನೋಡಿಯೇ ಬರೆದಿದ್ದಾನೆ.

ಶಿಫ್ಟ್_ಮುಗೀತು
ಇರುವೆ ಅಂದರೆ ಸಾಕು, ನನಗೆ ಮೈ ಉರಿಯುತ್ತದೆ. ನಮ್ಮ ಟೀಮ್ ಲೀಡ್ ಪ್ರತಿ ಸೋಮವಾರ ಗ್ರೂಪ್‌ಗೆ ಏನಾದರೂ ಸ್ಫೂರ್ತಿ ಮಾತು ಹಾಕುತ್ತಾರೆ. ಒಂದು ಸಲ ಇದೇ ಇರುವೆ ವಚನ, ಕೆಳಗೆ ಎಲೆ ಹೊತ್ತ ಇರುವೆಯ ಫೋಟೋ. ಅದರ ಹಿಂದಿನ ಶನಿವಾರ ಭಾನುವಾರ ಇಡೀ ಟೀಮ್ ರಿಲೀಸ್‌ಗಾಗಿ ಕೂತಿತ್ತು. ಕಾಂಪ್ ಆಫ್ (ರಜೆ ದಿನ ದುಡಿದದ್ದಕ್ಕೆ ಬದಲಿ ರಜೆ) ಕೇಳಿದವನಿಗೆ "ಕಮಿಟ್‌ಮೆಂಟ್ ಇಲ್ಲ" ಅಂದರು. 2023ರಲ್ಲಿ ನಾರಾಯಣಮೂರ್ತಿಯವರು ವಾರಕ್ಕೆ 70 ಗಂಟೆ ಅಂದಾಗಿನಿಂದ ಇಂಥವರಿಗೆಲ್ಲ ಬಲ ಬಂದಿದೆ. ಸತ್ಯವೇದವೂ ಅವರ ಕಡೆಯೇ ಇದ್ದರೆ ನಮ್ಮಂಥವರು ಎಲ್ಲಿಗೆ ಹೋಗಬೇಕು?

ಸುಮ್ನೆ_ಓದುಗ
ಮುಂದಿನ ವಚನ ಓದಿ, 6:7. ಇರುವೆಗೆ ನಾಯಕ ಇಲ್ಲ, ಮೇಲ್ವಿಚಾರಕ ಇಲ್ಲ, ಒಡೆಯ ಇಲ್ಲ, ಆದರೂ ಕೂಡಿಡುತ್ತದೆ. ನಿಮ್ಮ ಲೀಡ್ ಹಾಕಿದ ವಚನದಲ್ಲಿ ಟೀಮ್ ಲೀಡ್ ಹುದ್ದೆಯೇ ಇಲ್ಲ ಸ್ವಾಮಿ. ಮುಂದಿನ ಸೋಮವಾರ ಅದನ್ನು ಹಾಕಿ.

ಶಿಫ್ಟ್_ಮುಗೀತು
ಅಪ್ರೈಸಲ್ ಮುಗಿಯಲಿ, ಹಾಕುತ್ತೇನೆ 😂

ಬಿಟಿಎಚ್_ಓದುತ್ತಿದ್ದೇನೆ
ತಮಾಷೆ ಹೌದು, ಆದರೆ ಅಲ್ಲೇ ಇದೆ ವಿಷಯ. ಜ್ಞಾನೋಕ್ತಿಯಲ್ಲಿ ಬೈಸಿಕೊಳ್ಳುವ ಸೋಮಾರಿ ಯಾರು ನೋಡಿ. 24:30ರಲ್ಲಿ ಅವನಿಗೆ ಸ್ವಂತ ಹೊಲ ಇದೆ, ದ್ರಾಕ್ಷಿತೋಟ ಇದೆ, ಕಲ್ಲಿನ ಗೋಡೆ ಇದೆ. ಮುಳ್ಳು ಬೆಳೆದು ಗೋಡೆ ಬಿದ್ದಿದೆ, ಅವನು ಮಲಗಿದ್ದಾನೆ. ತನ್ನದನ್ನು ತಾನೇ ಹಾಳು ಮಾಡಿಕೊಳ್ಳುವವನಿಗೆ ಆ ಬೈಗುಳ. ಕೂಲಿಗೆ ಹೋಗುವವನ ವಿಷಯ ಬಂದ ಕೂಡಲೇ ಸತ್ಯವೇದದ ದನಿ ಬದಲಾಗುತ್ತದೆ. ಬುದ್ಧಿಮಾತು ಯಜಮಾನನ ಕಡೆ ತಿರುಗುತ್ತದೆ. ಬಡ ಕೂಲಿಯವನ ಸಂಬಳ ಹೊತ್ತು ಮುಳುಗುವ ಮುಂಚೆ ಕೊಡು (ಧರ್ಮೋಪದೇಶಕಾಂಡ 24:15). ರಾತ್ರಿಯಿಡೀ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ (ಯಾಜಕಕಾಂಡ 19:13). ಕಣ ತುಳಿಯುವ ಎತ್ತಿಗೆ ಕೂಡ ಬಾಯಿ ಕಟ್ಟಬೇಡ. ವಾರಕ್ಕೊಂದು ದಿನ ನಿನ್ನ ಆಳು, ನಿನ್ನ ದಾಸಿ, ನಿನ್ನ ಕತ್ತೆ ಸಮೇತ ವಿಶ್ರಾಂತಿ ತೆಗೆದುಕೊಳ್ಳಲಿ, ನೀನೂ ಐಗುಪ್ತದಲ್ಲಿ (ಈಜಿಪ್ಟ್) ದಾಸನಾಗಿದ್ದೆ ಎಂಬುದು ನೆನಪಿರಲಿ.

ಇಡೀ ಸತ್ಯವೇದದಲ್ಲಿ ದುಡಿಯುವ ಜನರನ್ನು ಒಟ್ಟಿಗೆ "ಸೋಮಾರಿಗಳು, ನೀವು ಸೋಮಾರಿಗಳು" ಎಂದು ಬೈಯುವ ದೊರೆ ಯಾರು ಗೊತ್ತಾ? ಐಗುಪ್ತದ ಫರೋಹ. ವಿಮೋಚನಕಾಂಡ 5:17. ಇಟ್ಟಿಗೆಗೆ ಹುಲ್ಲು ಕೊಡುವುದನ್ನು ನಿಲ್ಲಿಸಿ, ಇಟ್ಟಿಗೆ ಲೆಕ್ಕ ಮಾತ್ರ ಒಂದೂ ಕಡಿಮೆ ಆಗಬಾರದು ಎಂದ. ದಾಸರಾಗಿದ್ದ ಇಸ್ರೇಲ್ಯರು ಮೂರು ದಿನದ ಮಟ್ಟಿಗೆ ಆರಾಧನೆಗೆ ಹೋಗುತ್ತೇವೆ ಅಂತ ರಜೆ ಕೇಳಿದ್ದಕ್ಕೆ!

ಶಿಫ್ಟ್_ಮುಗೀತು
ಕಾಂಪ್ ಆಫ್ ಕೇಳಿದ್ದಕ್ಕೆ. ನಾನು ಈ ಅಧ್ಯಾಯ ಇವತ್ತೇ ಓದುತ್ತೇನೆ.

ಹಾಸನ_ಅಂಕಲ್
ಎಲ್ಲವನ್ನೂ ಮಾಲೀಕನ ಮೇಲೆ ಹಾಕುವುದು ಬಹಳ ಸುಲಭ. ನಾನೂ ಒಂದು ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಗಿರಾಕಿ ಮುಂದೆ ನಿಂತಿರುತ್ತಾನೆ, ಹುಡುಗ ರೀಲ್ಸ್ ನೋಡುತ್ತಿರುತ್ತಾನೆ. ಕರೆದರೆ "ಒಂದು ನಿಮಿಷ ಸಾರ್". ಜ್ಞಾನೋಕ್ತಿ 26 ಓದಿ. ಸೋಮಾರಿ ಬೀದಿಯಲ್ಲಿ ಸಿಂಹ ಇದೆ ಎಂದು ನೆಪ ಹೇಳಿ ಮನೆಯಿಂದ ಹೊರಡುವುದಿಲ್ಲ. ಕೀಲಿನಲ್ಲಿ ಬಾಗಿಲು ತಿರುಗಿದ ಹಾಗೆ ಹಾಸಿಗೆಯಲ್ಲಿ ಹೊರಳುತ್ತಾನೆ. ತಟ್ಟೆಗೆ ಕೈ ಹಾಕಿದವನಿಗೆ ಅದನ್ನು ಬಾಯಿಗೆ ತರುವುದೂ ಆಯಾಸ. ಇದರಲ್ಲಿ ಹೊಲದ ಮಾತು ಎಲ್ಲಿದೆ? ಸೋಮಾರಿತನ ಸೋಮಾರಿತನವೇ. 18:9 ಏನು ಹೇಳುತ್ತದೆ? ಕೆಲಸದಲ್ಲಿ ಮೈಗಳ್ಳನಾದವನು ಹಾಳುಮಾಡುವವನಿಗೆ ಅಣ್ಣತಮ್ಮ. ಅದು ಆಳಿಗೂ ಅನ್ವಯ, ಮಾಲೀಕನಿಗೂ ಅನ್ವಯ.

ಬಿಟಿಎಚ್_ಓದುತ್ತಿದ್ದೇನೆ
18:9 ಒಪ್ಪುತ್ತೇನೆ ಅಂಕಲ್. ಆದರೆ ಅದೇ ಪುಸ್ತಕದಲ್ಲಿ 23:4 ಕೂಡ ಇದೆ. ಐಶ್ವರ್ಯಕ್ಕಾಗಿ ಮೈ ಸವೆಸಿಕೊಳ್ಳಬೇಡ ಅಂತ. 13:23 ಇನ್ನೂ ಖಾರ. ಬಡವನ ಹೊಲ ಚೆನ್ನಾಗಿಯೇ ಬೆಳೆಯುತ್ತದೆ, ಅನ್ಯಾಯ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಅಂದರೆ ಬಡವರೆಲ್ಲ ಸೋಮಾರಿಗಳು ಎನ್ನುವವರಿಗೆ ಜ್ಞಾನೋಕ್ತಿಯೇ ಅಡ್ಡ ನಿಲ್ಲುತ್ತದೆ.

ಹಾಸನ_ಅಂಕಲ್
ನಾನು ಬಡವರೆಲ್ಲ ಸೋಮಾರಿಗಳು ಎಂದಿಲ್ಲ. ರೀಲ್ಸ್ ನೋಡುವವನು ಸೋಮಾರಿ ಎಂದೆ.

ಮಂಗ್ಳೂರ್_ಹಂಚು
ನಮ್ಮ ಊರಿನ ಕಥೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದವರು. ಕ್ರೈಸ್ತರಾದವರನ್ನು ಮನೆಯವರು ಹೊರಗೆ ಹಾಕುತ್ತಿದ್ದರು. ಜಾತಿ ಹೋಯಿತು, ಜಾತಿಯ ಜೊತೆ ಕಸುಬೂ ಹೋಯಿತು. ಸುಮ್ನೆ ಪ್ರಾರ್ಥನೆ ಮಾಡಿ ಎಂದರೆ ಹೊಟ್ಟೆ ಕೇಳುತ್ತದಾ? ಮಿಷನ್ ಮುದ್ರಣಾಲಯ ಮಾಡಿತು, ನೇಯ್ಗೆ ಶುರು ಮಾಡಿತು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿಯ ಜೇಡಿಮಣ್ಣು, ಒತ್ತುವ ಯಂತ್ರ, ಸುಡುವ ಗೂಡು. ಆ ಹಂಚು ಎಲ್ಲೆಲ್ಲಿಗೋ ಹೋಯಿತು. ಹಳೇ ಮನೆ ಕೆಡವಿದಾಗ ಹಿಂಬದಿಯಲ್ಲಿ ಅಚ್ಚೊತ್ತಿದ ಅಕ್ಷರ, ಇಸವಿ ಈಗಲೂ ಸಿಗುತ್ತದೆ. ಖಾಕಿ ಬಣ್ಣ ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲೇ ಹುಟ್ಟಿದ್ದು ಅಂತ ನಮ್ಮವರು ಎದೆ ತಟ್ಟಿಕೊಂಡು ಹೇಳುತ್ತಾರೆ.

ಮಿಷನ್ ಒಳಗೇ ಇದಕ್ಕೆ ವಿರೋಧ ಇತ್ತು. ಸುವಾರ್ತೆ ಸಾರಲು ಹೋದವರು ವ್ಯಾಪಾರ ಮಾಡುವುದಾ ಎಂದು ಸ್ವಿಟ್ಜರ್‌ಲ್ಯಾಂಡಿನಲ್ಲಿ ಕೂತವರು ಗೊಣಗಿದರು. ಆದರೆ ಇಲ್ಲಿದ್ದವರಿಗೆ ಎದುರಿಗೆ ಹಸಿದ ಜನ ಕಾಣುತ್ತಿದ್ದರು. ಥೆಸಲೋನಿಕದ ವಚನ ಹೇಳುವವರು ಒಂದು ಕೆಲಸವನ್ನೂ ತೋರಿಸಬೇಕು ಅಂತ ನನ್ನ ಅಭಿಪ್ರಾಯ.

ಸುಮ್ನೆ_ಓದುಗ
ಅಂದರೆ ಮಿಷನ್‌ನವರೂ ಮಾಲೀಕರಾದರು. ಗಂಟೆ ಹೊಡೆದು ಕರೆಯುವುದು, ಪ್ರಾರ್ಥನೆ ಮಾಡಿಸಿ ಕೆಲಸಕ್ಕೆ ಬಿಡುವುದು. ಬೆಳಗ್ಗೆ ದೇವರ ಮಾತು ಹೇಳಿದವನೇ ಸಂಜೆ ಕೂಲಿ ಲೆಕ್ಕ ಬರೆಯುತ್ತಾನೆ. ಅಲ್ಲಿ ಆಳಿಗೆ ಎದುರು ಮಾತಾಡುವುದು ಸುಲಭವಾ?

ಮಂಗ್ಳೂರ್_ಹಂಚು
ಸುಲಭ ಅಲ್ಲ. ಆದರೆ ಆ ಕಾಲದಲ್ಲಿ ಭೂಮಾಲೀಕನ ಎದುರೂ ಸುಲಭ ಇರಲಿಲ್ಲ. ಕೈಗೆ ಕಸುಬು ಬಂತು, ಮಕ್ಕಳು ಶಾಲೆಗೆ ಹೋದರು. ಅದನ್ನು ಅಲ್ಲಗಳೆಯಬೇಡಿ.

ಕೊಂಕಣಿ_ಮನೆ
ಪ್ರಾಟೆಸ್ಟಂಟರೇ ದುಡಿಮೆ ಕಂಡುಹಿಡಿದ ಹಾಗೆ ಮಾತು ಹೋಗುತ್ತಿದೆ, ಅದಕ್ಕೆ ಬಂದೆ. 6ನೇ ಶತಮಾನದಲ್ಲೇ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮದಲ್ಲಿ ಆಲಸ್ಯ ಆತ್ಮಕ್ಕೆ ಶತ್ರು ಎಂದು ಬರೆದರು. ಸನ್ಯಾಸಿಗಳಿಗೂ ಇಷ್ಟು ಹೊತ್ತು ಕೈಕೆಲಸ, ಇಷ್ಟು ಹೊತ್ತು ಓದು ಅಂತ ವಿಂಗಡಿಸಿದರು. ಪೋಪ್ 13ನೇ ಲಿಯೋ 1891ರಲ್ಲಿ ಕಾರ್ಮಿಕರ ಹಕ್ಕಿನ ಬಗ್ಗೆಯೇ ವಿಶ್ವಪತ್ರ ಬರೆದರು. ಮೇ 1 ಕಾರ್ಮಿಕರ ದಿನ, ಅವತ್ತೇ ದುಡಿಮೆಗಾರ ಸಂತ ಜೋಸೆಫರ ಹಬ್ಬ ಎಂದು 12ನೇ ಪಿಯುಸ್ 1955ರಲ್ಲಿ ಸಾರಿದರು. ಯೇಸುವಿನ ಸಾಕುತಂದೆ ಬಡಗಿ ಅಲ್ವಾ. ಯೇಸುವೂ ಉಪದೇಶಕ್ಕೆ ಹೊರಡುವ ಮುಂಚೆ ಉಳಿ ಹಿಡಿದವರೇ. ಮಾರ್ಕ 6:3ರಲ್ಲಿ ಊರಿನವರು ಅದನ್ನೇ ಹಿಡಿದು ಮೂಗು ಮುರಿಯುತ್ತಾರೆ, "ಇವನು ಆ ಬಡಗಿ ಅಲ್ಲವೇ" ಅಂತ.

ಸೀರಿಯಸ್_ಅಲ್ಲ
ನನಗೆ ಗೊತ್ತಿರುವುದು ಒಂದೇ ವಚನ. "ತನಗೆ ತಾನು ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ." ಯಾವ ಅಧ್ಯಾಯ ಅಂತ ಮಾತ್ರ ಕೇಳಬೇಡಿ.

ಬಿಟಿಎಚ್_ಓದುತ್ತಿದ್ದೇನೆ
ಕೇಳಿದರೂ ಸಿಗುವುದಿಲ್ಲ. ಅದು ಸತ್ಯವೇದದಲ್ಲಿ ಇಲ್ಲವೇ ಇಲ್ಲ! ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1736ರ ತನ್ನ ಪಂಚಾಂಗದಲ್ಲಿ ಹಾಕಿ ಹೆಸರಾಯಿತು. ಅವನಿಗಿಂತ ಮುಂಚೆಯೂ ಮಾತು ಚಾಲ್ತಿಯಲ್ಲಿತ್ತು. ನಮ್ಮ ಥಿಯಾಲಜಿ ಕಾಲೇಜಿನಲ್ಲಿ ಮೊದಲ ವರ್ಷದವರನ್ನು ಇದೊಂದರಲ್ಲೇ ಬೀಳಿಸುತ್ತಾರೆ.

ಹೆಂಗಸರ_ಕಡೆಯಿಂದ
ಇಷ್ಟು ಹೊತ್ತಾದರೂ ಯಾರೂ ಜ್ಞಾನೋಕ್ತಿ 31 ತೆಗೆಯಲಿಲ್ಲ, ಆಶ್ಚರ್ಯ. ತಾಯಂದಿರ ದಿನ ಬಂದರೆ ಸಾಕು, ನಮ್ಮ ಸಭೆಯಲ್ಲಿ ಅದನ್ನೇ ಓದುತ್ತಾರೆ. ಗುಣವತಿಯಾದ ಸ್ತ್ರೀ ಕತ್ತಲಿರುವಾಗಲೇ ಏಳುತ್ತಾಳೆ, ರಾತ್ರಿ ಅವಳ ದೀಪ ಆರುವುದಿಲ್ಲ. ಓದಿ ಮುಗಿಸಿ ಒಂದೊಂದು ಗುಲಾಬಿ ಹೂವು ಕೊಡುತ್ತಾರೆ. ಮಧ್ಯಾಹ್ನ ಬಿರಿಯಾನಿ ಬಡಿಸಿ ಪಾತ್ರೆ ತೊಳೆಯುವವರು ನಾವೇ. ಗಂಡ ಎಲ್ಲಿದ್ದಾನೆ ನೋಡಿ, 31:23. ಊರ ಬಾಗಿಲಲ್ಲಿ ಹಿರಿಯರ ಜೊತೆ ಕೂತಿದ್ದಾನೆ!

ಆದರೆ ಆ ಅಧ್ಯಾಯ ನಿಧಾನವಾಗಿ ಓದಿದರೆ ಬೇರೆಯೇ ಹೆಂಗಸು ಸಿಗುತ್ತಾಳೆ. ಹೊಲ ನೋಡಿ ತಾನೇ ಕೊಳ್ಳುತ್ತಾಳೆ. ತನ್ನ ದುಡ್ಡಿನಲ್ಲಿ ದ್ರಾಕ್ಷಿತೋಟ ಹಾಕಿಸುತ್ತಾಳೆ. ನಾರುಮಡಿ ನೇಯ್ದು ಮಾರುತ್ತಾಳೆ, ವ್ಯಾಪಾರಿಗೆ ನಡುಕಟ್ಟು ಸರಬರಾಜು ಮಾಡುತ್ತಾಳೆ. ಕೊನೆಯಲ್ಲಿ ಅವಳ ಕೈಕೆಲಸದ ಫಲ ಅವಳಿಗೇ ಕೊಡಿ ಎಂದಿದೆ. ಅದನ್ನು ಯಾವ ಪಾಸ್ಟರೂ ಒತ್ತಿ ಹೇಳಿದ್ದು ನಾನು ಕೇಳಿಲ್ಲ. ಇನ್ನೊಂದು, 15ನೇ ವಚನ. ಅವಳಿಗೆ ದಾಸಿಯರಿದ್ದರು. ನಮಗೆ ಮಿಕ್ಸಿ ರಿಪೇರಿಯಾದರೆ ಕೇಳುವವರಿಲ್ಲ.

ಕೆಜಿಎಫ್ ಅಕ್ಕ, ತಮ್ಮನ ಬಗ್ಗೆ ಎಲ್ಲರೂ ಹೇಳಿದರು. ಹೊಲಿಗೆ ದುಡ್ಡು ಅಮ್ಮನ ಕೈಯಲ್ಲೇ ಉಳಿಯುತ್ತಾ? ಬ್ಲೌಸಿಗೆ ಎಷ್ಟು ತೆಗೆದುಕೊಳ್ಳುತ್ತಾರೆ? ತುಂಬ ಜನ ಸಭೆಯವರು ಎಂದು ಕಡಿಮೆ ಕೊಡುತ್ತಾರೆ. ಲೈನಿಂಗ್ ಬ್ಲೌಸಿಗೆ ಮಾಮೂಲಿ ರೇಟಿನಲ್ಲಿ ಹೊಲಿಸಿಕೊಂಡು ಹೋಗುತ್ತಾರೆ.

ಕೆಜಿಎಫ್_ಅಕ್ಕ
ನೀವು ನಮ್ಮ ಮನೆಗೆ ಬಂದು ನೋಡಿದ ಹಾಗೆ ಹೇಳಿದಿರಿ ಅಕ್ಕ. "ಮುಂದಿನ ವಾರ ಕೊಡುತ್ತೇನೆ ಸಿಸ್ಟರ್" ಅನ್ನುವವರೇ ಜಾಸ್ತಿ. ಅಮ್ಮ ಕೇಳಲು ನಾಚುತ್ತಾರೆ.

ಹೆಂಗಸರ_ಕಡೆಯಿಂದ
ಯಾಕೋಬ 5:4 ಒಂದು ಚೀಟಿಯಲ್ಲಿ ಬರೆದು ಹೊಲಿಗೆ ಮಿಷನ್ ಮೇಲೆ ಅಂಟಿಸಿ. ತಡೆಹಿಡಿದ ಕೂಲಿ ಕೂಗುತ್ತದೆ, ಆ ಕೂಗು ಸೇನಾಧೀಶ್ವರನಾದ ದೇವರ ಕಿವಿಗೆ ಮುಟ್ಟಿದೆ ಅಂತ. ಅಳತೆ ಕೊಡಲು ಬಂದವರೆಲ್ಲ ಓದಲಿ.

ಬಸವಪಥ
ಓದಿಕೊಂಡು ಬಂದೆ. ಕಾಯಕವೇ ಕೈಲಾಸ ಎಂದು 12ನೇ ಶತಮಾನದಲ್ಲೇ ನಮ್ಮ ನೆಲದಲ್ಲಿ ಹೇಳಿಯಾಗಿದೆ. ಯೂರೋಪ್, ಇಸ್ರೇಲ್ ಎಲ್ಲ ಯಾಕೆ?

ನಿರ್ವಾಹಕ
ಈ ಎಳೆಯ ವಿಷಯ ಸತ್ಯವೇದ. ಹೋಲಿಕೆ ಮಾಡಿ, ಪೈಪೋಟಿ ಬೇಡ.

ಬಸವಪಥ
ಪೈಪೋಟಿ ಅಲ್ಲ ಸಾರ್, ಹೋಲಿಕೆಯೇ ಹೇಳುತ್ತೇನೆ. ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ ಹೊಗಳಲಿಲ್ಲ, ತರಾಟೆಗೆ ತೆಗೆದುಕೊಂಡಳು. ಆಸೆ ಅರಸನಿಗೆ ಇರಲಿ, ಶಿವಭಕ್ತನಿಗೆ ಯಾಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ನಿಮ್ಮ 70 ಗಂಟೆಯವರಿಗೆ ಲಕ್ಕಮ್ಮನ ಉತ್ತರ ಸಾಕು.

ರಾಗಿಹೊಲ
ಅಣ್ಣ, ಇದು ಮನ್ನದ ಕಥೆಯ ಹಾಗೇ ಇದೆಯಲ್ಲ! ವಿಮೋಚನಕಾಂಡ 16. ಅರಣ್ಯದಲ್ಲಿ ಬೆಳಗ್ಗೆ ನೆಲದ ಮೇಲೆ ದೇವರು ಕೊಟ್ಟ ಮನ್ನ ಎಂಬ ಆಹಾರ ಬಿದ್ದಿರುತ್ತಿತ್ತು. ತಲೆಗೊಂದು ಓಮೆರ್ ಅಳತೆ, ಅಷ್ಟೇ ಆರಿಸಿಕೊಳ್ಳಬೇಕು. ನಾಳೆಗೆ ಅಂತ ಉಳಿಸಿಕೊಂಡವರ ಪಾಲು ಹುಳ ಬಿದ್ದು ನಾತ ಹೊಡೆಯಿತು. ಆದರೆ ಆರಿಸುವ ಕೆಲಸ ಯಾರಿಗೂ ತಪ್ಪಲಿಲ್ಲ. ಬಿಸಿಲೇರಿದರೆ ಕರಗಿ ಹೋಗುತ್ತಿತ್ತು, ಬೇಗ ಏಳಲೇಬೇಕು. ಆರನೇ ದಿನ ಎರಡು ಪಾಲು, ಏಳನೇ ದಿನ ರಜೆ. ಹೂವಿನ ಹುಡುಗನಿಗೆ ಇದನ್ನು ಹೇಳಿ. ಆಕಾಶದಿಂದ ಬಿದ್ದ ಊಟಕ್ಕೂ ಬಗ್ಗಿ ಆರಿಸಬೇಕಿತ್ತು.

ಬಸವಪಥ
ಚೆನ್ನಾಗಿದೆ ಇದು. ನಾನು ಕೇಳಿರಲಿಲ್ಲ.

ಹಳೇ_ಮೇಷ್ಟ್ರು
ರಾಗಿಹೊಲದವರು ಇರುವೆ ಬಗ್ಗೆ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಜ್ಞಾನೋಕ್ತಿ 20:4ರಲ್ಲಿ ಸೋಮಾರಿ ಚಳಿಗೆ ಹೆದರಿ ಉಳುವುದಿಲ್ಲ, ಸುಗ್ಗಿಯಲ್ಲಿ ಬೇಡುತ್ತಾನೆ ಎಂದಿದೆ. ನಮ್ಮ ಮಕ್ಕಳಿಗೆ ಇದು ಗೊಂದಲ, ಯಾಕೆಂದರೆ ನಮ್ಮಲ್ಲಿ ಉಳುವುದು ಮುಂಗಾರಿನಲ್ಲಿ. ಇಸ್ರೇಲ್ ದೇಶದಲ್ಲಿ ಬೇಸಿಗೆ ಪೂರ್ತಿ ಒಣ. ಮೊದಲ ಮಳೆ ಅಕ್ಟೋಬರ್, ನವೆಂಬರ್ ಹೊತ್ತಿಗೆ. ಆಮೇಲೆ ಚಳಿ ಮಳೆಯಲ್ಲೇ ಉತ್ತು ಬಿತ್ತಬೇಕು. ಜವೆಗೋದಿ ಏಪ್ರಿಲ್‌ಗೆ, ಗೋದಿ ಮೇ ತಿಂಗಳಿಗೆ ಕೊಯ್ಲು. ಇರುವೆ ಬೇಸಿಗೆಯಲ್ಲಿ ಕೂಡಿಡುತ್ತದೆ ಎಂಬ ಮಾತೂ ಅದಕ್ಕೇ. ಅವರಿಗೆ ಬೇಸಿಗೆಯೇ ಸುಗ್ಗಿ.

1908ರಲ್ಲಿ ಅದೇ ನಾಡಿನ ಗೆಜೆರ್ ಎಂಬ ಹಳೇ ಊರಿನಲ್ಲಿ ಅಗೆಯುವಾಗ ಅಂಗೈ ಅಗಲದ ಸುಣ್ಣಕಲ್ಲು ಸಿಕ್ಕಿತು. ಸುಮಾರು ಕ್ರಿ.ಪೂ. 10ನೇ ಶತಮಾನದ್ದು, ಅಂದರೆ ಸೊಲೊಮೋನನ ಕಾಲದ ಹತ್ತಿರ. ಅದರ ಮೇಲೆ ಕೆತ್ತಿರುವುದು ರಾಜನ ಹೊಗಳಿಕೆ ಅಲ್ಲ. ಹೊಲದ ಕೆಲಸದ ಪಟ್ಟಿ. ಎರಡು ತಿಂಗಳು ಕೂಡಿಡುವುದು, ಎರಡು ತಿಂಗಳು ಬಿತ್ತುವುದು, ಎರಡು ತಿಂಗಳು ತಡ ಬಿತ್ತನೆ, ಒಂದು ತಿಂಗಳು ಅಗಸೆ, ಒಂದು ತಿಂಗಳು ಜವೆಗೋದಿ, ಒಂದು ತಿಂಗಳು ಕೊಯ್ದು ಅಳೆಯುವುದು, ಎರಡು ತಿಂಗಳು ದ್ರಾಕ್ಷಿ, ಒಂದು ತಿಂಗಳು ಬೇಸಿಗೆ ಹಣ್ಣು. ಬಹುಶಃ ಹುಡುಗನೊಬ್ಬ ಅಕ್ಷರ ತಿದ್ದಿದ್ದು ಎಂದು ಕೆಲವರ ಊಹೆ. ಜ್ಞಾನೋಕ್ತಿಯ ಬೈಗುಳ ಈ ಪಟ್ಟಿಯ ಪಕ್ಕ ಇಟ್ಟು ಓದಬೇಕು. ಅಲ್ಲಿ ಒಂದು ತಿಂಗಳು ಮಲಗಿದರೆ ವರ್ಷವಿಡೀ ಉಪವಾಸ.

ಸುಮ್ನೆ_ಓದುಗ
ಸರಿ, ಈಗ ಕಷ್ಟದ ಪ್ರಶ್ನೆ. ಪೌಲ ಗುಡಾರ ಹೊಲಿದ. ನಮ್ಮ ಪಾಸ್ಟರ್‌ಗಳು ಏನು ಹೊಲಿಯುತ್ತಾರೆ? ದಶಮಾಂಶ ಕೇಳುವಾಗ ಮಾತ್ರ ಬೆವರು.

ಹಾಸನ_ಅಂಕಲ್
ಇದು ಅತಿಯಾಯಿತು. 1 ಕೊರಿಂಥ 9:14. ಸುವಾರ್ತೆ ಸಾರುವವನು ಅದರಿಂದಲೇ ಜೀವಿಸಬೇಕು. ಪೌಲನೇ ಬರೆದದ್ದು.

ಸುಮ್ನೆ_ಓದುಗ
ಮರುವಚನದಲ್ಲೇ ನಾನು ಆ ಹಕ್ಕನ್ನು ಬಳಸಲಿಲ್ಲ ಅಂತಾನೆ.

ಅಯ್ಯನವರ_ಮಗಳು
ಸಾಕು. ನಮ್ಮಪ್ಪ ಹಳ್ಳಿ ಸಭೆಗಳ ಅಯ್ಯನವರಾಗಿದ್ದರು, ಅಂದರೆ ಪಾಸ್ಟರ್. ಒಂದೇ ಭಾನುವಾರ ಮೂರು ಊರು, ಸೈಕಲ್ ಮೇಲೆ. ಸಾವು ಮನೆಗೆ ಮಧ್ಯರಾತ್ರಿ ಹೋಗುತ್ತಿದ್ದರು. ಕೋರ್ಟು, ಆಸ್ಪತ್ರೆ, ರೇಷನ್ ಕಾರ್ಡು ಎಲ್ಲಕ್ಕೂ ಜನ ಅವರನ್ನೇ ಕರೆಯುತ್ತಿದ್ದರು. ಟಿವಿಯಲ್ಲಿ ಬಿಳಿ ಸೂಟ್ ಹಾಕಿದವರನ್ನು ನೋಡಿ ಎಲ್ಲರಿಗೂ ಒಂದೇ ಬೆಲೆ ಕಟ್ಟಬೇಡಿ.

ಕೀಬೋರ್ಡ್_ತಮ್ಮ
ಈ ಲಿಂಕ್ ನಮ್ಮ ಯೂತ್ ಗ್ರೂಪ್‌ಗೇ ಬಂತು. ಹೂವಿನ ಹುಡುಗ ನಾನೇ.

ಗೋಡೌನ್ ಕೆಲಸ ಯಾಕೆ ಬಿಟ್ಟೆ ಅಂತ ಅಕ್ಕ ಬರೆದಿಲ್ಲ, ಯಾಕೆಂದರೆ ನಾನು ಹೇಳಿಲ್ಲ. ಗುತ್ತಿಗೆದಾರ ಕೊನೆಯ ಸಂಬಳಗಳನ್ನು ಕೊಡಲೇ ಇಲ್ಲ. ಕೇಳಿದಾಗಲೆಲ್ಲ ಸ್ಟಾಕ್ ಕಡಿಮೆ ಬಂದಿದೆ, ನಿನ್ನ ಲೆಕ್ಕಕ್ಕೆ ಹಾಕಿದ್ದೇನೆ ಅಂದ. ಕೊನೆಗೆ ಎಲ್ಲರ ಎದುರಿಗೆ ಕಳ್ಳ ಅಂದ. ಮನೆಗೆ ಬಂದು ಇದನ್ನು ಹೇಗೆ ಹೇಳಲಿ? ಆಮೇಲೆ ಯಾವ ಇಂಟರ್ವ್ಯೂಗೂ ಹೋಗುವ ಮನಸ್ಸು ಬರಲಿಲ್ಲ. ಪ್ರಾರ್ಥನೆ ನಾಟಕ ಅಲ್ಲ. ಅಲ್ಲಿ ಮಾತ್ರ ಯಾರೂ ನನ್ನನ್ನು ಹಾಗೆ ನೋಡುವುದಿಲ್ಲ.

ಕೆಜಿಎಫ್_ಅಕ್ಕ
ಲೋ, ಇದನ್ನು ಯಾಕೋ ಹೇಳಲಿಲ್ಲ? ಅಮ್ಮನಿಗೆ ಗೊತ್ತಾ?

ಕೀಬೋರ್ಡ್_ತಮ್ಮ
ಗೊತ್ತು. ಹೇಳಬೇಡ ಅಂತ ನಾನೇ ಆಣೆ ಹಾಕಿಸಿಕೊಂಡಿದ್ದೆ.

ಸೀರಿಯಸ್_ಅಲ್ಲ
ಈ ಎಳೆಯಲ್ಲಿ ಇನ್ನು ಜೋಕ್ ಮಾಡುವುದಿಲ್ಲ.

ಹಾಸನ_ಅಂಕಲ್
ಮಗಾ, ಅನ್ನ ನಿಲ್ಲಿಸಿ ಎಂದದ್ದು ಸೋಮಾರಿಗೆ. ನಿನ್ನ ವಿಷಯ ಬೇರೆ. ಯಾಕೋಬ 5:4 ಆ ಗುತ್ತಿಗೆದಾರನಿಗೆ ಸರಿಯಾಗಿ ಹೊಂದುತ್ತದೆ. ಹಾಜರಿಯ ಫೋಟೋ, ಅವನ ವಾಟ್ಸಾಪ್ ಮೆಸೇಜ್, ಹಿಂದೆ ಸಂಬಳ ಬಿದ್ದ ಪಾಸ್‌ಬುಕ್ ಎಂಟ್ರಿ, ಏನಿದೆಯೋ ಎಲ್ಲ ಜೋಡಿಸಿಕೋ. ಕಾರ್ಮಿಕ ಇಲಾಖೆ ಕಚೇರಿಗೆ ಲಿಖಿತ ದೂರು ಕೊಡು, ಸೀಲ್ ಹಾಕಿಸಿಕೊಂಡ ಪ್ರತಿ ಇಟ್ಟುಕೋ. ಗುತ್ತಿಗೆದಾರ ಕೊಡದಿದ್ದರೆ ಗೋಡೌನ್‌ನವರೇ ಕೊಡಬೇಕು ಎಂಬ ನಿಯಮ ಕಾನೂನಿನಲ್ಲಿದೆ. ಕಾಗದ ಬರೆಯಲು ನಾನು ಸಹಾಯ ಮಾಡುತ್ತೇನೆ. ಮಾಲೀಕನ ಭಾಷೆ ಮಾಲೀಕನಿಗೇ ಗೊತ್ತು.

ಬಿಟಿಎಚ್_ಓದುತ್ತಿದ್ದೇನೆ
ತಮ್ಮಾ, ಮತ್ತಾಯ 20 ಓದಿದ್ದೀಯಲ್ಲ. ದ್ರಾಕ್ಷಿತೋಟದ ಯಜಮಾನ ಸಂಜೆ ಐದಕ್ಕೆ ಪೇಟೆಗೆ ಹೋಗಿ, ದಿನವೆಲ್ಲ ಸುಮ್ಮನೆ ಯಾಕೆ ನಿಂತಿದ್ದೀರಿ ಎಂದು ಕೇಳುತ್ತಾನೆ. ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎನ್ನುತ್ತಾರೆ. ಅವನು ಉಪದೇಶ ಕೊಡುವುದಿಲ್ಲ. ಕೆಲಸ ಕೊಡುತ್ತಾನೆ, ಸಂಜೆ ಪೂರ್ತಿ ದಿನದ ಕೂಲಿ ಕೊಡುತ್ತಾನೆ. ಆದರೆ ನೋಡು, ಅಷ್ಟು ಹೊತ್ತಾದರೂ ಅವರು ಪೇಟೆಯಲ್ಲೇ ನಿಂತಿದ್ದರು. ಮನೆಗೆ ಹೋಗಿರಲಿಲ್ಲ.

ದೇವರ ಸಮಯ ಎಂದೆಯಲ್ಲ, ಅದಕ್ಕೆ ಪ್ರಸಂಗಿ 11 ಓದು. ಗಾಳಿ ನೋಡುತ್ತಾ ಕೂತವನು ಬಿತ್ತುವುದಿಲ್ಲ, ಮೋಡ ನೋಡುತ್ತಾ ಕೂತವನು ಕೊಯ್ಯುವುದಿಲ್ಲ. ಬೆಳಗ್ಗೆಯೂ ಬಿತ್ತು, ಸಂಜೆಯೂ ಕೈ ತೆಗೆಯಬೇಡ, ಯಾವುದು ಫಲಿಸುತ್ತದೆ ಅಂತ ನಿನಗೆ ಗೊತ್ತಿಲ್ಲ.

ಕೀಬೋರ್ಡ್_ತಮ್ಮ
ಓದುತ್ತೇನೆ ಸಿಸ್ಟರ್. ಆದರೆ ಗೋಡೌನ್ ಕೆಲಸ ಮಾತ್ರ ಮತ್ತೆ ಬೇಡ.

ಹಾಸನ_ಅಂಕಲ್
ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಬರುತ್ತಾ?

ಕೀಬೋರ್ಡ್_ತಮ್ಮ
ಬರುತ್ತದೆ ಅಂಕಲ್. ಜಿಎಸ್‌ಟಿ ರಿಟರ್ನ್ ಸ್ವಲ್ಪ ಗೊತ್ತು.

ಹಾಸನ_ಅಂಕಲ್
ಕೋಲಾರದಲ್ಲಿ ನಮಗೆ ಮಾಲು ಕಳಿಸುವ ಪಾರ್ಟಿಯೊಬ್ಬರು ಹುಡುಗನನ್ನು ಹುಡುಕುತ್ತಿದ್ದಾರೆ. ನಂಬರ್ ಇಲ್ಲಿ ಹಾಕಬೇಡ, ಮೆಸೇಜ್ ಮಾಡು. ಸಂಬಳದ ತಾರೀಖು ಮೊದಲೇ ಮಾತಾಡಿಕೋ.

ಶಿಫ್ಟ್_ಮುಗೀತು
ರೀಲ್ಸ್ ನೋಡಬೇಡ ಅಷ್ಟೇ.

ರಾಗಿಹೊಲ
ಮೇಷ್ಟ್ರೇ, ಆ ಗೆಜೆರ್ ಕಲ್ಲು ಈಗ ಎಲ್ಲಿದೆ? ಜೆರುಸಲೇಮಿನಲ್ಲಾ?

ಹಳೇ_ಮೇಷ್ಟ್ರು
ಇಲ್ಲ, ಇಸ್ತಾಂಬುಲ್ ಮ್ಯೂಸಿಯಂನಲ್ಲಿ. ಸಿಕ್ಕಿದಾಗ ಆ ನಾಡು ಆಟೊಮನ್ ತುರ್ಕರ ಕೈಯಲ್ಲಿತ್ತು.

ರಾಗಿಹೊಲ
ರೈತನ ಪಟ್ಟಿಯನ್ನೂ ಸರ್ಕಾರದವರೇ ತೆಗೆದುಕೊಂಡು ಹೋದರಾ. ಸರಿ, ಮೋಡ ಆಗಿದೆ, ಕಣಕ್ಕೆ ಟಾರ್ಪಾಲ್ ಹೊದಿಸಬೇಕು. ಆಮೇಲೆ ಬರುತ್ತೇನೆ.